ಬೆಟೋನ ಕೆಂಪು ಕೊಳವೆ

ಪ್ಯಾಸಡೀನಾ, ಟೆಕ್ಸಾಸ್
ಸೆಪ್ಟೆಂಬರ್ ೧೯, ಗುರುವಾರ

ನನ್ನ ಮುದ್ದು ನೆಲ್ಡಾ,

ಹಡಗಿನ ಮೇಲೆ ಹೇಗಿದ್ದೀಯ ಮಗಳೇ? ಹೊಟ್ಟೆ ತೊಳಸುವುದು ನಿಂತಿತೇ? ನಿಮ್ಮ ಅಡಿಗೆಯವನು ಮಾಂಸಕ್ಕೂ ಮೊಟ್ಟೆಗೂ ಒಂದೇ ಸಪ್ಪೆ ಗೊಜ್ಜು ಸುರಿಯುತ್ತಾನೆಂದು ಬರೆದಿದ್ದೆಯಲ್ಲ, ಅದಕ್ಕೇ ಹುರಿದ ಮೆಣಸಿನಕಾಯಿ ಪುಡಿ ಒಂದು ಡಬ್ಬಿ ಕಳಿಸಿದ್ದೇನೆ. ಹಾಸಿಗೆಯ ಕೆಳಗೆ ಬಚ್ಚಿಟ್ಟುಕೋ, ಎಲ್ಲರಿಗೂ ಹಂಚಿ ದೊಡ್ಡಸ್ತಿಕೆ ಮಾಡಬೇಡ. ನಾನು ಇದ್ದ ಹಾಗೇ ಇದ್ದೇನೆ. ಒಂದು ದಿನ ಡಯಾಲಿಸಿಸ್, ಮರುದಿನ ಸುಸ್ತು. ಈ ವಾರ ಕಾಲು ಜಾಸ್ತಿ ಊದಿಕೊಂಡಿದೆ. ಅದಕ್ಕೆ ಕಾರಣ ನನ್ನ ಕಿಡ್ನಿಯಲ್ಲ, ನಿನ್ನ ಗಂಡ.

ನಿನ್ನೆ ಹಡಗು ಬಂದರಿಗೆ ಬಂದಾಗ ನೀನು ಫೋನ್ ಮಾಡಿದೆಯಲ್ಲ, ಆಗ ಬೆಟೋ "ಕಾರಿನ ಎಂಜಿನ್ ಹಳೇದಾಗಿತ್ತು, ಕೈಕೊಡ್ತು" ಎಂದು ಹೇಳಿದ್ದನ್ನು ನಾನು ಅಡಿಗೆಮನೆಯಿಂದ ಕೇಳಿಸಿಕೊಂಡೆ. ಗಂಡ ಹೆಂಡತಿಯ ಮಾತಿನ ನಡುವೆ ಬಾಯಿ ಹಾಕಬಾರದೆಂದು ಸುಮ್ಮನಿದ್ದೆ. ಆದರೆ ಕಾರು ನಿನ್ನದು. ಅದಕ್ಕೆ ಏನಾಯಿತೆಂದು ನಿನಗೆ ಗೊತ್ತಿರಲಿ.

ನೀನು ಹಡಗಿನ ಕೆಲಸಕ್ಕೆ ಹೋದ ಮೇಲೆ ಇವನಿಗೆ ಹಿಡಿದ ಹುಚ್ಚು ಇದು. ಗೋದಾಮಿನ ಕೆಲಸ ಮುಗಿಸಿ ಬಂದವನೇ ಬಾನೆಟ್ ಎತ್ತಿಕೊಂಡು ನಿಲ್ಲುವುದು. ಎಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸಲು ಕಂಪನಿಯವರು ಮೇಲುಗಡೆ ಒಂದು ಕಪ್ಪು ಡಬ್ಬಿ ಇಟ್ಟಿರುತ್ತಾರಲ್ಲ, ಇವನ ಕಣ್ಣು ಅದರ ಮೇಲೆ ಬಿತ್ತು. "ಇದಕ್ಕೆ ಉಸಿರು ಕಟ್ತಾ ಇದೆ ಅತ್ತೆ. ಮೂಗು ಹಿಡ್ಕೊಂಡು ಯಾರಾದ್ರೂ ಓಡೋಕೆ ಆಗುತ್ತಾ?" ಎಂದ. "ಇದು ಓಡ್ಬೇಕಾಗಿಲ್ಲ ಕಣೋ, ನನ್ನನ್ನ ಆಸ್ಪತ್ರೆಗೆ ಮುಟ್ಟಿಸಿದ್ರೆ ಸಾಕು" ಎಂದೆ. ಕೇಳಿದರೆ ತಾನೆ? ಮೊದಲು ತಾನೇ ಮಾಡುತ್ತೇನೆಂದು ಹೊರಟ. ಚರಂಡಿಗೆ ಹಾಕುವ ಬಿಳಿ ಪೈಪು ತಂದು ನನ್ನ ಊಟದ ಮೇಜಿನ ಮೇಲೆ ಗರಗಸದಲ್ಲಿ ಕೊಯ್ದ. ಅದು ಬಾಗಲಿಲ್ಲವೆಂದು, ನಾನು ಚರ್ಚಿಗೆ ಹೋಗಿದ್ದಾಗ, ನನ್ನ ಒಲೆಯೊಳಗಿಟ್ಟು ಕಾಯಿಸಿದ. ನಾನು ರೊಟ್ಟಿ ಸುಡುವ ಒಲೆ ನೆಲ್ಡಾ, ಪೈಪು ಇಟ್ಟದ್ದು ನನ್ನ ಅಮ್ಮ ಕೊಟ್ಟ ತಟ್ಟೆಯಲ್ಲಿ. ಒಲೆಯ ಬಾಗಿಲು ತೆಗೆದರೆ ಆ ನಾತ, ನಮ್ಮೂರಿನ ತೈಲ ಸಂಸ್ಕರಣಾಗಾರದ ಹೊಗೆಯೇ ಹಿತವೆನಿಸಬೇಕು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಇವತ್ತಿಗೂ ರೊಟ್ಟಿ ಬಾಯಿಗಿಟ್ಟರೆ ಪ್ಲಾಸ್ಟಿಕ್ ಅಗಿದಂತೆ ಇರುತ್ತದೆ. ಅಷ್ಟು ಮಾಡಿ ಜೋಡಿಸಿದ ಪೈಪು ಎಂಜಿನ್ನಿನ ಬಿಸಿಗೆ ಮೆತ್ತಗಾಗಿ ಬಾಡಿದ ಸೊಪ್ಪಿನ ಹಾಗೆ ಜೋತುಬಿತ್ತು.

ಆಮೇಲೆ ಕೊಂಡೇ ತಂದ. ಕೆಂಪಗೆ ಮಿರಮಿರ ಮಿಂಚುವ ಲೋಹದ ಕೊಳವೆ, ತುದಿಗೆ ಗಾಳಿ ಸೋಸಲು ಜೇನುಗೂಡಿನಂಥ ಒಂದು ಬಟ್ಟೆಯ ಜಾಲರಿ. ಮುಂದಿನ ಬಂಪರಿನ ಹಿಂದೆ, ಹೆಚ್ಚುಕಡಿಮೆ ನೆಲದ ಹತ್ತಿರ, ಅದರ ಬಾಯಿ. ತಂಪು ಗಾಳಿ ಅಲ್ಲೇ ಸಿಗುವುದಂತೆ. ಇದನ್ನು ಕೂರಿಸಿಕೊಟ್ಟವನು ಟೈರಿನ ಅಂಗಡಿಯ ನಾಚೋ. ನಾನು ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆ, ನನ್ನ ಕಿವಿಯಾರೆ ಕೇಳಿದ್ದೇನೆ. ನಾಚೋ ಹೇಳಿದ: "ಬೇರೆ ಊರಲ್ಲಾದ್ರೆ ಹಾಕ್ಕೋ ಮಾರಾಯ. ಇಲ್ಲಿ ಅರ್ಧ ಗಂಟೆ ಮಳೆ ಬಂದ್ರೆ ರಸ್ತೆಯೆಲ್ಲ ನೀರು. ಇದರ ಬಾಯಿ ಒಂದ್ಸಲ ನೀರಲ್ಲಿ ಮುಳುಗಿದ್ರೆ ಎಂಜಿನ್ ನೀರು ಕುಡಿಯುತ್ತೆ, ಕಥೆ ಮುಗೀತು." ನಿನ್ನ ಗಂಡ ಏನೆಂದ ಗೊತ್ತೇ? "ನಾನೇನು ದೋಣಿ ಓಡಿಸ್ತೀನಾ?" ಎಂದು ಹಲ್ಲು ಕಿರಿದ. ಆ ಕಪ್ಪು ಡಬ್ಬಿಯನ್ನು ಕಸಕ್ಕೆ ಎಸೆದು ಬಂದ. ಅಂದಿನಿಂದ ಕಾರು ಶುರುಮಾಡಿದರೆ ನೆಗಡಿಯಾದ ಹಂದಿ ಗೊರಕೆ ಹೊಡೆದಂತೆ ಸದ್ದು. ಬೀದಿಯವರೆಲ್ಲ ತಿರುಗಿ ನೋಡುತ್ತಿದ್ದರು. ಇವನು ಅದನ್ನು ಮೆಚ್ಚುಗೆ ಎಂದುಕೊಂಡು ಇನ್ನೊಮ್ಮೆ ಆಕ್ಸಿಲರೇಟರ್ ಒತ್ತುತ್ತಿದ್ದ. ಒಳಗೆ ಕೂತು ನಾನು ಮುಖ ಮುಚ್ಚಿಕೊಳ್ಳುತ್ತಿದ್ದೆ.

ಮೊನ್ನೆ ಮಂಗಳವಾರ ಬೆಳಿಗ್ಗೆ ಮಳೆ ಹಿಡಿದುಕೊಂಡಿತ್ತು. ನನ್ನ ಡಯಾಲಿಸಿಸ್‌ನ ದಿನ. ಸುತ್ತುಬಳಸಿದರೂ ಸರಿ, ಮೇಲಿನ ರಸ್ತೆಯಲ್ಲಿ ಹೋಗು ಎಂದೆ. "ಹೊತ್ತಾಗುತ್ತೆ ಅತ್ತೆ" ಎಂದು ರೈಲುಹಳಿಯ ಕೆಳಗಿನ ತಗ್ಗಿನ ರಸ್ತೆಗೇ ಇಳಿಸಿದ. ಅಲ್ಲಿ ಚಕ್ರದ ಅರ್ಧಕ್ಕೆ ನೀರು ನಿಂತಿತ್ತು. ನಮ್ಮ ಮುಂದೆ ಒಬ್ಬಳು ಹುಡುಗಿ ಪುಟ್ಟ ಕಾರಿನಲ್ಲಿ ಮೆಲ್ಲಗೆ ದಾಟಿಕೊಂಡು ಹೋದಳು. ನಾವು ನಡುವಿಗೆ ಬಂದಾಗ ಗೊಟಕ್ಕೆಂದು ನುಂಗಿದ ಸದ್ದು, ಹಿಂದೆಯೇ ಕಬ್ಬಿಣದ ಬಾಣಲೆ ನೆಲಕ್ಕೆ ಬಿದ್ದಂಥ ಹೊಡೆತ. ಕಾರು ನಿಂತಿತು. ನೀರು ಬಾಗಿಲಿನ ಸಂದಿಯಿಂದ ಒಳಗೆ ಬಂದು ನನ್ನ ಪಾದ ಮುಚ್ಚಿತು. ಆಗ ನಿನ್ನ ಗಂಡ ನನ್ನ ಬಾಗಿಲು ತೆಗೆಯಲಿಲ್ಲ, ಬಾನೆಟ್ ತೆಗೆದ. ಮೊಣಕಾಲುದ್ದ ನೀರಿನಲ್ಲಿ ನಿಂತು ಆ ಜಾಲರಿಯನ್ನು ಕಿತ್ತು ನೆಲ ಒರೆಸುವ ಬಟ್ಟೆ ಹಿಂಡಿದಂತೆ ಹಿಂಡುತ್ತಿದ್ದ. "ಸ್ವಲ್ಪ ತಡ್ಕೊಳ್ಳಿ ಅತ್ತೆ, ಇದು ಒಣಗಿದ್ರೆ ಸ್ಟಾರ್ಟ್ ಆಗುತ್ತೆ" ಎನ್ನುತ್ತಿದ್ದ. ನೀರು ಮೀನಖಂಡಕ್ಕೆ ಏರಿತು. ನನಗೆ ಉಸಿರು ಸಾಲುತ್ತಿರಲಿಲ್ಲ. ಮೇರಿಮಾತೆಯನ್ನು ನೆನೆಯಬೇಕಾದ ಹೊತ್ತಿನಲ್ಲಿ ನನ್ನ ಬಾಯಿಗೆ ಬಂದದ್ದೆಲ್ಲ ಬೈಗುಳ.

ಐಸ್ ಸಾಗಿಸುವ ದೊಡ್ಡ ಲಾರಿಯವನೊಬ್ಬ, ಹೆಸರು ಕೂಡ ಕೇಳಲಾಗಲಿಲ್ಲ, ಇಳಿದು ಬಂದು ನನ್ನನ್ನು ಮಗುವಿನಂತೆ ಎತ್ತಿ ತನ್ನ ಪಕ್ಕ ಕೂರಿಸಿಕೊಂಡ. "ಅಮ್ಮಾ, ಯಾರಮ್ಮ ಅವನು?" ಎಂದು ಕೇಳಿದ. ಅಳಿಯ ಎನ್ನಲು ನಾಚಿಕೆಯಾಗಿ, ಗೊತ್ತಿಲ್ಲ ಎಂದುಬಿಟ್ಟೆ. ಆಸ್ಪತ್ರೆ ತಲುಪುವಷ್ಟರಲ್ಲಿ ನನ್ನ ಯಂತ್ರವನ್ನು ಇನ್ನೊಬ್ಬರಿಗೆ ಕೊಟ್ಟಾಗಿತ್ತು. ಒದ್ದೆ ಬಟ್ಟೆಯಲ್ಲಿ ಮಧ್ಯಾಹ್ನದವರೆಗೆ ಕಾದೆ. ಅಷ್ಟರಲ್ಲಿ ಬೆಟೋ ನಡೆದುಕೊಂಡು ಬಂದ, ನೆನೆದ ನಾಯಿಯ ಹಾಗೆ. ಕಂಕುಳಲ್ಲಿ ಆ ಕೆಂಪು ಕೊಳವೆ. "ಅಲ್ಲೇ ಬಿಟ್ರೆ ಯಾರಾದ್ರೂ ಎತ್ಕೊಂಡು ಹೋಗ್ತಾರೆ ಅತ್ತೆ" ಎಂದು ಅದನ್ನು ನನ್ನ ಪಕ್ಕದ ಕುರ್ಚಿಯ ಮೇಲೆ ಮಲಗಿಸಿದ. ಕಾಯಿಲೆಯವರೆಲ್ಲ ನೋಡುತ್ತಿದ್ದರು. ಅದರ ಬಾಯಿಂದ ಚರಂಡಿ ನೀರು ತೊಟ್ಟಿಕ್ಕುತ್ತಿತ್ತು. ಅವನ ಮುಖ ನೋಡಲಾಗದೆ ಗೋಡೆಯ ಕಡೆ ತಿರುಗಿಕೊಂಡೆ.

ನಾಚೋ ಎಂಜಿನ್ ಬಿಚ್ಚಿ ತೋರಿಸಿದ. ಒಳಗಿನ ಉಕ್ಕಿನ ದಂಡ ಚಮಚ ಬಾಗಿದಂತೆ ಬಾಗಿದೆ. ಕಂಪನಿಯ ಡಬ್ಬಿ ಇದ್ದಿದ್ದರೆ ಆ ಹುಡುಗಿಯ ಹಾಗೆ ನಾವೂ ದಾಟಿರುತ್ತಿದ್ದೆವು ಎಂದ. ಇಷ್ಟಾದ ಮೇಲೆ ನಾಚಿಕೆ ಬರಬೇಡವೇ? ನಿನ್ನೆ ಇವನು ಅಂಗಳದಲ್ಲಿ ಕೂತು ಆ ಕೊಳವೆಗೆ ಮೇಣ ತಿಕ್ಕುತ್ತಿದ್ದ. ಬೇರೆ ಎಂಜಿನ್ ಹುಡುಕುತ್ತಿದ್ದಾನಂತೆ, ಇದು ಅದಕ್ಕೂ ಕೂರುತ್ತದಂತೆ. ಎರಡು ದಿನದಿಂದ ನಾನು ಅವನ ತಟ್ಟೆಗೆ ಬಡಿಸಿ ಎದ್ದು ಬರುತ್ತಿದ್ದೇನೆ, ಜೊತೆಗೆ ಕೂತು ಉಣ್ಣುವುದಿಲ್ಲ. ಇಂಥವನನ್ನು ಏನು ನೋಡಿ ಒಪ್ಪಿದೆಯೋ ಮಗಳೇ. ಕೇಳಬಾರದು, ಕೇಳುತ್ತಿದ್ದೇನೆ.

ಹುಷಾರಾಗಿರು, ಒದ್ದೆ ಡೆಕ್ಕಿನ ಮೇಲೆ ಜಾರಬೇಡ. ಸಮುದ್ರ ಕಾಯುವ ತಾಯಿ ನಿನ್ನನ್ನೂ ನಿನ್ನ ಜೊತೆಯವರನ್ನೂ ಕಾಯಲಿ. ಆ ಸಪ್ಪೆ ಅಡಿಗೆಯವನಿಗೂ ನನ್ನ ನಮಸ್ಕಾರ ತಿಳಿಸು.

ನಿನ್ನ ಅಮ್ಮ,
ಯೂಫೇಮಿಯಾ

ಮರೆಯುವ ಮುಂಚೆ: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಅಂಚೆಯವಳು ಬರುವ ಹೊತ್ತು, ಅಕ್ಷರ ಕೆಟ್ಟಿದ್ದರೆ ಸಹಿಸಿಕೋ. ಈಗತಾನೆ ಬೆಟೋ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತ. ಕಾರಿನ ವಿಷಯವೆಂದು ನಾನು ತಲೆ ಎತ್ತಲಿಲ್ಲ. "ಅತ್ತೆ, ಆಸ್ಪತ್ರೆಯವರು ಫೋನ್ ಮಾಡಿದ್ರು. ನನ್ನ ಕಿಡ್ನಿ ನಿಮಗೆ ಹೊಂದುತ್ತಂತೆ" ಎಂದ. ನಿನ್ನದು ಹೊಂದುವುದಿಲ್ಲವೆಂದು ಗೊತ್ತಾದ ವಾರವೇ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟಿದ್ದನಂತೆ. ಹೊಂದದೇ ಹೋದರೆ ಸುಮ್ಮನೆ ನಮಗೆ ಆಸೆ ಹುಟ್ಟಿಸಿದಂತಾಗುತ್ತದೆಂದು ಯಾರಿಗೂ ಹೇಳಲಿಲ್ಲವಂತೆ. ನಾನು "ಮೊದಲು ಹೋಗಿ ಕೈ ತೊಳ್ಕೊ" ಎಂದೆ. ತೊಳೆದುಕೊಂಡು ಬಂದು ಮತ್ತೆ ಅಲ್ಲೇ ನಿಂತಿದ್ದಾನೆ. ನಿನಗೆ ಹೇಳಲು ಅವನಿಗೆ ಧೈರ್ಯವಿಲ್ಲ, ಅದನ್ನೂ ನನ್ನ ತಲೆಗೇ ಕಟ್ಟಿದ್ದಾನೆ. ಮೇಲೆ ಬರೆದದ್ದರಲ್ಲಿ ಒಂದಕ್ಷರವನ್ನೂ ನಾನು ಹೊಡೆದುಹಾಕುವುದಿಲ್ಲ. ಆದರೆ ಅವನಿನ್ನೂ ಚಿಕ್ಕವನು, ನಿಮಗೆ ಮಕ್ಕಳಾಗಬೇಕು. ಬೇಡವೆನ್ನಬೇಕಾದವಳು ನಾನು. ಆ ನೀರಿನಲ್ಲಿ ಕೂತಾಗ ನನಗೆ ಇನ್ನೂ ಬದುಕುವ ಆಸೆಯಿದೆಯೆಂದು ಗೊತ್ತಾಗಿಬಿಟ್ಟಿದೆ, ಅದಕ್ಕೇ ಬೇಡವೆಂಬ ಮಾತು ಬಾಯಿಂದ ಹೊರಡುತ್ತಿಲ್ಲ. ಬೇಡವೆನ್ನುವುದಿದ್ದರೆ ನೀನೇ ಅನ್ನು, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಬೇಗ ಬರೆ.