ಅಪ್ಪನ ಹಲ್ಲಿನ ಡಬ್ಬಿ

ಪ್ರೀತಿಯ ಅಪ್ಪಾ,

ನಾಳೆ ನಿನಗೆ ಅರಿವಳಿಕೆ ಕೊಡುವುದು ನಾನಲ್ಲ. ನಿನ್ನ ವಿಷಯದಲ್ಲಿ ನನ್ನ ಕೈಯನ್ನು ನಾನೇ ನಂಬಲಾರೆ. ನನ್ನ ಜೊತೆ ಕೆಲಸ ಮಾಡುವ ಡಾಕ್ಟರ್ ಕೊಡುತ್ತಾರೆ. ಬೆಳಗ್ಗೆ ಒಂದು ಗುಟುಕು ಕಾಫಿಯೂ ಬೇಡ.

ಇನ್ನೊಂದು ಮಾತು. ಇವತ್ತು ಅವರು ವಿಚಾರಿಸಿದಾಗ, ಪಕ್ಕದಲ್ಲಿ ಅಮ್ಮ ಇದ್ದಳೆಂದು, "ಕಟ್ಟಿಸಿದ ಹಲ್ಲು ಒಂದೂ ಇಲ್ಲ" ಎಂದೆಯಂತೆ. ಎಚ್ಚರ ತಪ್ಪಿದಾಗ ಆ ಹಲ್ಲಿನ ಸೆಟ್ಟು ಗಂಟಲಿಗೆ ಜಾರಿದರೆ ಉಸಿರೇ ಕಟ್ಟುತ್ತದೆ. ಹನ್ನೊಂದು ವರ್ಷದಿಂದ ಬಚ್ಚಲ ಬಾಗಿಲು ಹಾಕಿಕೊಂಡು ಅದನ್ನು ತೊಳೆಯುತ್ತೀಯ, ನನಗೆ ಗೊತ್ತು. ಆಪರೇಷನ್ ಥಿಯೇಟರ್ ಬಾಗಿಲಲ್ಲಿ ನಿಂತಿರುತ್ತೇನೆ. ತೆಗೆದು ನನ್ನ ಕೈಗೆ ಕೊಡು. ಡಬ್ಬಿ ಇದೆ.

ಡಬ್ಬಿ ಕೊಟ್ಟವಳು ಅಮ್ಮ. "ಎಚ್ಚರ ಆದ ಕೂಡ್ಲೆ ಹಾಕ್ಸ್‌ಬಿಡೇ, ಆಮೇಲೆ ನನ್ನನ್ನ ಕರಿ. ಪಾಪ, ನಂಗೆ ಗೊತ್ತೇ ಇಲ್ಲ ಅಂದ್ಕೊಂಡಿದಾರೆ ನಿಮ್ಮಪ್ಪ" ಅಂದಳು.

ನಾನಿದನ್ನು ಹೇಳಿದೆನೆಂದು ಅವಳಿಗೆ ಗೊತ್ತಾಗಬಾರದು.

ಬಾಗಿಲಲ್ಲೇ ಇರುವ
ನಿನ್ನ ಮಗಳು