ಮಾವನವರೊಡನೆ ಮೊದಲ ಮಾತು

ಯರಗುಪ್ಪಿ, ಕುಂದಗೋಳ ತಾಲ್ಲೂಕು
ತಾ. ೮-೧೨-೧೯೭೪, ರವಿವಾರ

ದೂರದ ಜಲಂಧರದಲ್ಲಿರುವ ನನ್ನ ಯಜಮಾನರಿಗೆ ರೇವವ್ವ ಮಾಡುವ ಶರಣು.

ಮೈಯಲ್ಲಿ ಆರಾಮ ಇದ್ದೀರಾ? ಅಲ್ಲಿಯ ಚಳಿ ಎಲುಬಿಗೆ ಇಳಿಯುತ್ತದೆ ಎಂದು ಹೋದ ವರ್ಷ ಬರೆದಿದ್ದಿರಿ. ನಾನು ಹೆಣೆದು ಕಳಿಸಿದ ಮಫ್ಲರು ಕೊರಳಿಗೆ ಸುತ್ತಿಕೊಳ್ಳುತ್ತೀರೋ ಇಲ್ಲ ಟ್ರಂಕಿನ ತಳದಲ್ಲಿ ಜೋಪಾನ ಮಾಡಿದ್ದೀರೋ, ನಿಜ ಬರೆಯಿರಿ. ಪರೇಡು ಮಾಡುವಾಗ ಮೊಣಕಾಲು ಹಿಡಿಯುತ್ತದೆ ಅಂದಿದ್ದಿರಲ್ಲ, ಎಣ್ಣೆ ಕಾಸಿ ಹಚ್ಚಿಕೊಳ್ಳುತ್ತಿದ್ದೀರಾ? ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಅದನ್ನು ಪೂರ್ತಿ ಬರೆಯಲು ಕೈ ಬರುತ್ತಿಲ್ಲ, ಆದರೆ ಗಾಬರಿ ಬೀಳುವಂಥದ್ದಲ್ಲ, ಸಾವಕಾಶ ಓದಿರಿ. ಜೋಳ ಎದೆಮಟ ಬಂದಿದೆ. ಎಮ್ಮೆ ಹೆಣ್ಣುಗರು ಹಾಕಿದೆ. ಗಿಣ್ಣ ಕಾಸಿದ ದಿನ ನಿಮ್ಮ ಪಾಲು ಎಂದು ಒಂದು ಬಟ್ಟಲು ತೆಗೆದಿಟ್ಟೆ, ಆಮೇಲೆ ನನ್ನ ಹುಚ್ಚಿಗೆ ನಾನೇ ನಕ್ಕು ಅದನ್ನೂ ನಾನೇ ತಿಂದೆ. ಬಾಜು ಮನೆಯ ಜಮೀಲಾಬಿ ಮಗಳ ಬಾಣಂತನಕ್ಕೆಂದು ಸವಣೂರಿಗೆ ಹೋದವಳು ಇನ್ನೂ ಬಂದಿಲ್ಲ. ಅವಳು ಇದ್ದಿದ್ದರೆ ಈ ಕಾಗದವನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ನಿಮ್ಮ ಅಕ್ಕ ಬರೆದದ್ದನ್ನು ಓದಿ ನೀವು ಬರೆದ ಕಾಗದ ಮುಟ್ಟಿತು. ಅಪ್ಪನ ಕಾಲು ಹಿಡಿದು ತಪ್ಪಾಯಿತು ಅನ್ನು, ಆಗದಿದ್ದರೆ ನಾನು ರಜೆಯ ಮೇಲೆ ಬರುವತನಕ ತವರಿಗೆ ಹೋಗಿರು ಎಂದು ಬರೆದಿದ್ದೀರಿ. ನನಗೆ ಅಗದಿ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಒಲೆಯ ಮುಂದೆ ಕುಳಿತು ಅತ್ತುಬಿಟ್ಟೆ. ನೀವು ಎದುರಿಗೆ ನಿಂತು ಇದೇ ಮಾತು ಅಂದಿದ್ದರೆ ನಾನು ನಿಮ್ಮ ಮುಖ ನೋಡುತ್ತಿದ್ದೆ. ನಿಮಗೆ ಖರೇನೇ ಸಿಟ್ಟು ಬಂದಾಗ ದನಿ ಏರುವುದಿಲ್ಲ, ಮೀಸೆಯ ತುದಿ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಅಕ್ಕನ ಸಮಾಧಾನಕ್ಕೆ ಸಿಟ್ಟು ಮಾಡುವಾಗ ಕಿವಿ ಕೆರೆದುಕೊಳ್ಳುತ್ತೀರಿ. ಕಾಗದದಲ್ಲಿ ಮೀಸೆಯೂ ಕಾಣಲಿಲ್ಲ, ಕಿವಿಯೂ ಕಾಣಲಿಲ್ಲ. ಹಾಗಾಗಿ ಯಾವ ಸಿಟ್ಟು ಎಂದು ತಿಳಿಯದೆ ಎರಡು ದಿನ ಒದ್ದಾಡಿದೆ. ಆಮೇಲೆ ನಡೆದದ್ದನ್ನು ನಡೆದ ಹಾಗೆ ಬರೆದುಬಿಡೋಣ, ಆಮೇಲೆ ನೀವುಂಟು ನಿಮ್ಮ ಅಕ್ಕ ಉಂಟು ಎಂದು ಕುಳಿತಿದ್ದೇನೆ.

ನೀವು ವರ್ಷಕ್ಕೊಮ್ಮೆ ಬಂದು ಹೋಗುವವರು. ನಮ್ಮ ಮನೆ ಹೇಗೆ ನಡೆಯುತ್ತದೆ ಎಂದು ನಿಮಗೆ ಅಷ್ಟಾಗಿ ಗೊತ್ತಿಲ್ಲ. ಸೊಸೆಯಾದವಳು ಮಾವನ ಮುಂದೆ ಬಾಯಿ ಬಿಡಬಾರದು ಎಂಬುದು ನಿಮ್ಮ ಮನೆತನದ ರೀತಿ. ಅತ್ತೆ ಇರುವತನಕ ನನ್ನ ಮಾತು ಅವರ ಬಾಯಿಂದ ಹೋಗುತ್ತಿತ್ತು. ಅವರು ತೀರಿಕೊಂಡ ಮೇಲೆ ದೊಡ್ಡ ಮಾತಿದ್ದರೆ ಜಮೀಲಾಬಿಯ ಬಾಯಿ, ಸಣ್ಣದಿದ್ದರೆ ಕೈಸನ್ನೆ. ಮಾವನವರಾದರೂ ನನ್ನನ್ನು ಹೆಸರು ಹಿಡಿದು ಕರೆದವರಲ್ಲ, ಹೊಸ್ತಿಲಲ್ಲಿ ಕೆಮ್ಮುತ್ತಾರೆ, ನಾನು ಸೆರಗು ಸರಿ ಮಾಡಿಕೊಳ್ಳುತ್ತೇನೆ. ಟವೆಲು ಎಡ ಹೆಗಲಿಗೆ ಬಿದ್ದರೆ ಹೊಲಕ್ಕೆ ಹೊರಟರು, ಬುತ್ತಿ ಕಟ್ಟಬೇಕು. ರುಮಾಲು ತೆಗೆದು ಗೂಟಕ್ಕೆ ಹಾಕಿದರೆ ಇವತ್ತು ಎಲ್ಲಿಗೂ ಇಲ್ಲ. ಬಾಗಿಲ ಚೌಕಟ್ಟಿಗೆ ನಾನು ಬಳೆ ಬಡಿದರೆ ಊಟ ತಯಾರು ಎಂದು ಅರ್ಥ, ಎಲ್ಲಿದ್ದರೂ ಎದ್ದು ಬರುತ್ತಾರೆ. ಬಡಿಸುವಾಗ ಸೌಟು ಬಾಗಿಸಿ ನಿಲ್ಲುತ್ತೇನೆ, ಬೇಕಾದರೆ ತಲೆ ಆಡಿಸುತ್ತಾರೆ, ಸಾಕಾದರೆ ತಾಟಿನ ಮೇಲೆ ಅಂಗೈ ಹಿಡಿಯುತ್ತಾರೆ. ಬಾಗಿಲ ಸಂದಿಯಲ್ಲಿ ನಾನು ಅರ್ಧ ಕಾಣುವ ಹಾಗೆ ನಿಂತರೆ ಏನೋ ಕೇಳುವುದಿದೆ ಎಂದು ತಿಳಿದು ಅವರೇ ಒಂದೊಂದಾಗಿ ಹೇಳುತ್ತಾ ಹೋಗುತ್ತಾರೆ, ಎಣ್ಣಿ ತೀರೇತೇನು, ಬೆಲ್ಲ ತೀರೇತೇನು, ತವರಿಗೆ ಹೋಗಬೇಕೇನು ಎಂದು, ನಾನು ಬೇಕಾದ ಕಡೆಗೆ ತಲೆ ಆಡಿಸುತ್ತೇನೆ. ಹೇಳಿದರೆ ನಗುತ್ತೀರಿ, ನೀವು ಮನೆಯಲ್ಲಿದ್ದಾಗ ನಾವಿಬ್ಬರು ಮಾತಾಡಿಯೂ ಜಗಳಾಡುತ್ತೇವೆ, ನಾನು ಮತ್ತು ಮಾವನವರು ಮಾತೇ ಇಲ್ಲದೆ ಒಂದು ದಿನವೂ ಜಗಳಾಡಿರಲಿಲ್ಲ.

ದಸರೆ ಮುಗಿದ ಮೇಲೆ ಎಲ್ಲ ಕೆಟ್ಟಿತು. ಸೌಟು ಹಿಡಿದು ನಿಂತರೆ ತಲೆಯೂ ಇಲ್ಲ, ಕೈಯೂ ಇಲ್ಲ. ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಾರೆ. ನಾನು ಎಷ್ಟು ಹೊತ್ತು ನಿಲ್ಲಲಿ? ಸಾಕಾಗಿರಬೇಕು ಎಂದು ಒಳಗೆ ಹೋದರೆ ಅವರು ಅರ್ಧ ರೊಟ್ಟಿಗೆ ಕೈ ತೊಳೆದು ಏಳುತ್ತಾರೆ, ತಾಟಿನ ಆಚೆಯ ಬದಿಗೆ ಹಾಕಿದ ಪಲ್ಯ ಹಾಗೇ ಇರುತ್ತದೆ. ಕಂದೀಲು ಹತ್ತಿರ ಇಟ್ಟರೆ ಮುಖ ತಿರುಗಿಸುತ್ತಾರೆ. ಬಾಗಿಲ ಸಂದಿಯಲ್ಲಿ ನಿಂತು ನಿಂತು ಕಾಲು ಜೋಮು ಹಿಡಿದರೂ ಏನು ಎಂದು ಕೇಳುವುದಿಲ್ಲ. ನಾನೇನು ಮಾಡಿದೆ ಎಂದು ತಲೆ ಕೆರೆದುಕೊಂಡೆ, ಏನೂ ಹೊಳೆಯಲಿಲ್ಲ. ಹೊಳೆಯದೆ ಇದ್ದದ್ದಕ್ಕೆ ನನಗೂ ಬಿಗುಮಾನ ಬಂತು. ಅವರು ಮುಖ ಕೊಡದಿದ್ದರೆ ನಾನೂ ತಾಟು ಇಟ್ಟು ಒಳಗೆ ಸರಿದೆ. ಊರಲ್ಲೂ ಇದೇ ಮಾತು. ಜಮೀಲಾಬಿಯ ಗಂಡ ಶರೀಫಸಾಬ ಒಂದಿನ ಎತ್ತಿಗೆ ನೀರು ಕುಡಿಸುತ್ತಾ ಮಾವನವರ ಬಗ್ಗೆ ನನಗೆ ಕೇಳುವ ಹಾಗೆ ಅಂದ, "ಹೊಳೆಪ್ಪಣ್ಣಗ ಏನಾಗೇತೋ ಏನೋ. ಮಾತಾಡಿಸಿದ್ರ ನಕ್ಕೋತ ಮಾತಾಡ್ತಾನ, ಕೈ ಎತ್ತಿದ್ರ ಮಾರಿ ತಿರುವತಾನ." ಆ ಮಾತನ್ನು ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಈ ಸಲ ಹಿಂಗಾರಿಯಲ್ಲಿ ಅವರು ಕೂರಿಗೆ ಹಿಡಿದ ಹೊಲದಲ್ಲಿ ಬಿತ್ತಿದ ಸಾಲು ಡೊಂಕಾಗಿ ಎದ್ದದ್ದಕ್ಕೂ ಜನ ನಕ್ಕರು. ಮನೆಯಲ್ಲಿ ಸಮಾಧಾನ ಇಲ್ಲ, ಮುದುಕನ ಕೈ ನೆಟ್ಟಗೆ ಹೇಗಿರಬೇಕು ಎಂದರಂತೆ. ಅದೂ ನನ್ನ ಕೊರಳಿಗೇ ಬಂತು.

ಇಂಥ ಹೊತ್ತಿನಲ್ಲಿ ನಿಮ್ಮ ಅಕ್ಕ ಸುಶೀಲವ್ವ ದೀಪಾವಳಿಗೆಂದು ಅಣ್ಣಿಗೇರಿಯಿಂದ ಬಂದರು. ಅವರು ನಿಮಗೆ ಬರೆದದ್ದರಲ್ಲಿ ಒಂದೂ ಸುಳ್ಳಿಲ್ಲ, ಅದನ್ನು ನಾನು ಒಪ್ಪುತ್ತೇನೆ. ಅಪ್ಪ ಅರ್ಧ ಹೊಟ್ಟೆಗೆ ಏಳುವುದನ್ನು ನೋಡಿದರು. ನಾನು ಬಡಿಸಿ ನಿಲ್ಲದೆ ಹೋಗುವುದನ್ನು ನೋಡಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದ್ದನ್ನು ನೋಡಿದರು. "ಏನ ಆಗೇತೆಪಾ" ಎಂದು ಅವರು ಕೇಳಿದರೆ ಮಾವನವರು "ಏನಿಲ್ಲ ಬಿಡ" ಎಂದು ಗೋಡೆಯ ಕಡೆ ತಿರುಗಿದರು. ಹಾಗೆ ತಿರುಗಿದ್ದನ್ನು ಕಂಡ ಯಾರಾದರೂ ಸೊಸೆಯನ್ನೇ ಅನ್ನುತ್ತಾರೆ. ಹೋಗುವಾಗ ಅಕ್ಕ ನನ್ನ ಕೈಯ ಕುಂಕುಮ ಹಚ್ಚಿಸಿಕೊಳ್ಳದೆ ಹೋದರು. ಅದು ನನ್ನ ಎದೆಯಲ್ಲಿ ಇನ್ನೂ ಚುಚ್ಚುತ್ತದೆ, ನೀವು ಅವರಿಗೆ ಹೇಳಬೇಡಿ.

ಇನ್ನು ಮೊನ್ನೆ ಮಂಗಳವಾರದ್ದು. ಮನೆಯ ಜೋಳ ತಳಕ್ಕೆ ಬಂದಿತ್ತೆಂದು ಹಗೇವು ತೆಗೆಸಲು ಮಾವನವರು ಆಳುಮನುಷ್ಯ ತಿರಕಪ್ಪನಿಗೆ ಹೇಳಿದ್ದರು. ದನದ ಕೊಟ್ಟಿಗೆಯ ಬಾಜು ಇರುವುದನ್ನು ತೆಗೆ ಅಂದಿದ್ದರಂತೆ. ಅದರ ಬಾಯಿ ಹಸಿ ಹಿಡಿದಿತ್ತೆಂದು ತಿರಕಪ್ಪ ಅಂಗಳದ ನಡುವೆ ಇರುವುದನ್ನು ತೆಗೆದ. ಒಳಗಿನ ಕೆಟ್ಟ ಗಾಳಿ ಹೋಗಲಿ, ಆಮೇಲೆ ಇಳಿಯುತ್ತೇನೆ ಎಂದು ಮೇಲಿನ ಕಲ್ಲು ಸರಿಸಿಟ್ಟು ಬೀಡಿ ಸೇದಲು ಹೋದ. ನಿಮಗೆ ಗೊತ್ತಲ್ಲ, ನೆಲದೊಳಗೆ ಆಳೆತ್ತರಕ್ಕಿಂತ ಹೆಚ್ಚಿನ ಕಣಜ ಅದು, ಬಿದ್ದವರನ್ನು ಆ ಗಾಳಿಯೇ ಬಿಡುವುದಿಲ್ಲ. ನಾನು ಅಡಿಗೆಮನೆಯ ಬಾಗಿಲಲ್ಲಿ ಹಿಟ್ಟು ನಾದುತ್ತಿದ್ದೆ. ಮಾವನವರು ಕೊಟ್ಟಿಗೆಯಿಂದ ಬಂದರು, ಅಂಗಳದಲ್ಲಿ ಅಡ್ಡ ನಡೆಯತೊಡಗಿದರು. ಕಲ್ಲು ಸರಿಸಿದ್ದನ್ನು ನೋಡಿ ಬದಿಗೆ ಸರಿಯುತ್ತಾರೆ ಎಂದುಕೊಂಡೆ. ಸರಿಯಲಿಲ್ಲ. ಗಾಬರಿಯಾಗಿ ಚೌಕಟ್ಟಿಗೆ ಬಳೆ ಬಡಿದೆ. ನಿಲ್ಲುವ ಬದಲು ಅವರು ನನ್ನ ಕಡೆ ತಿರುಗಿ ಬೇಗ ಬೇಗ ಬರತೊಡಗಿದರು. ಅಡಿಗೆಮನೆಗೂ ಅವರಿಗೂ ನಡುವೆ ನೆಟ್ಟಗೆ ಹಗೇವಿನ ಬಾಯಿ. ನಾನು ಇನ್ನೂ ಜೋರಾಗಿ ಬಡಿದೆ, ಎರಡು ಬಳೆ ಒಡೆದವು, ಅವರು ಇನ್ನೂ ಜೋರು ನಡೆದರು. ಊಟಕ್ಕೆ ಕರೆಯುವ ಸಪ್ಪಳವಲ್ಲವೇ ಅದು. ಯಾವ ಕೈ, ಯಾವ ಸನ್ನೆ, ನಿಲ್ಲಿ ಎಂದು ಹೇಳಲು ನಮ್ಮಿಬ್ಬರ ನಡುವೆ ಏನೂ ಇರಲಿಲ್ಲ, ಅಲ್ಲಿಯತನಕ ಬೇಕಾಗಿರಲೇ ಇಲ್ಲ. ಆಗ ನನ್ನ ಬಾಯಿಂದ ಬಂತು, "ನಿಲ್ರಿ ಮಾವಾ, ಅಲ್ಲೇ ನಿಲ್ರಿ" ಎಂದು ಕಿರುಚಿದೆ.

ನಿಂತರು. ಹೆಬ್ಬೆರಳು ಅಂಚಿನಲ್ಲಿತ್ತು. ಬಾಯಿಗೆ ಹಿಟ್ಟಿನ ಕೈ ಒತ್ತಿಕೊಂಡು ನಾನು ನಿಂತಿದ್ದೆ, ಅವರು ಮಾತ್ರ ಹಗೇವಿನ ಬಾಯಿಯ ಮುಂದೆ ನಿಂತು, ಮುಖ ನನ್ನ ಕಡೆ ಮಾಡಿ, ಮೆಲ್ಲಗೆ ಕೇಳಿದರು, "ಮುಂದ ಏನೈತಿ?" ಇಷ್ಟು ದೊಡ್ಡ ಬಾಯಿ ಕಾಲಡಿಗೆ ಇದ್ದು ಏನಿದೆ ಎಂದು ಕೇಳಿದರು. ಆಗ ನನಗೆ ಎಲ್ಲ ತಿಳಿಯಿತು, ಗೋಡೆಯ ಕಡೆ ತಿರುಗಿದ್ದು, ಪಲ್ಯ ಉಳಿದದ್ದು, ಶರೀಫಸಾಬನ ಮಾತು, ಡೊಂಕು ಸಾಲು, ಎಲ್ಲ. "ಹಗೇವು ತೆರದೈತ್ರಿ" ಎಂದೆ. ಓಡಿಹೋಗಿ ರಟ್ಟೆ ಹಿಡಿದು ಹಿಂದಕ್ಕೆ ಕರೆತಂದೆ. ಅವರು ಕೈಯಿಂದ ತಡವಿ ಕಟ್ಟೆಯ ಮೇಲೆ ಕುಳಿತರು. ಆಮೇಲೆ, "ಗೊತ್ತಾತಲ್ಲ ಈಗ. ಗಣೇಶನ ಹಬ್ಬದಿಂದ ಮಬ್ಬು ಕವದೇತಿ. ದಸರಿಂದ ಆಳು ನಿಂತದ್ದಷ್ಟ ಕಾಣತೈತಿ, ಮಾರಿ ಕಾಣೂದಿಲ್ಲ, ಕೈ ಕಾಣೂದಿಲ್ಲ" ಎಂದರು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳಿದೆ ಎಂದರೆ ಬಾಯಿಂದಲೇ ಕೇಳಿದೆ, ಒಮ್ಮೆ ಬಿಟ್ಟ ಬಾಯಿ ಮತ್ತೆ ಮುಚ್ಚಲು ಬರಲಿಲ್ಲ. "ಯಾರಿಗೆ ಹೇಳಲಿ ಯವ್ವಾ? ಸುಶೀಲಾಗ ಹೇಳಿದ್ರ ಅಕಿ ತಮ್ಮಗ ಬರೀತಾಳ. ಅಂವಾ ನೌಕರಿ ಬಿಟ್ಟ ಬಂದ್ರ ಹೆಂಗ? ನಿನಗ ಹೇಳಬೇಕಂದ್ರ ನೀ ಬಾಗಲದಾಗ ನಿಂತಿದ್ದಿ ಇಲ್ಲೋ ನನಗ ಹೆಂಗ ತಿಳೀಬೇಕು?" ನಾನು ಅರ್ಧ ಕಾಣುವ ಹಾಗೆ ನಿಂತು ಅವರ ಮೇಲೆ ಮುನಿಸಿಕೊಂಡಿದ್ದಾಗ ಅವರು ನಾನು ಮನೆಯಲ್ಲೇ ಇಲ್ಲವೇನೋ ಎಂದುಕೊಂಡು ಕುಳಿತಿದ್ದರು. ನನಗೆ ಅಳು ತಡೆಯಲಿಲ್ಲ. ಅತ್ತದ್ದು ಅವರಿಗೆ ಕೇಳಿಸಿತು, "ಹಿಟ್ಟ ಒಣಗತೈತಿ ನೋಡ" ಎಂದರು.

ಶುಕ್ರವಾರ ಶರೀಫಸಾಬನ ಚಕ್ಕಡಿಯಲ್ಲಿ ಕುಂದಗೋಳದ ಡಾಕ್ಟರಿಗೆ ತೋರಿಸಿದೆವು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಲಗಣ್ಣಿನದು ಈಗಲೇ ತೆಗೆಸಬೇಕು, ತಡ ಮಾಡಿದರೆ ಆ ಕಣ್ಣು ಉಳಿಯುವುದಿಲ್ಲ, ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ಮಾವನವರು ಜಪ್ಪಯ್ಯ ಅಂದರೂ ಒಲ್ಲೆ ಎನ್ನುತ್ತಾರೆ. ಕಣ್ಣು ಕಟ್ಟಿಸಿಕೊಂಡು ಆ ಕತ್ತಲೆಯಲ್ಲಿ ಗುರುತಿಲ್ಲದವರ ನಡುವೆ ಹೇಗೆ ಮಲಗಲಿ, ಬೇಡ ಎನ್ನುತ್ತಾರೆ. ನಿನ್ನೆಯಿಡೀ ಹೇಳಿ ನನ್ನ ಗಂಟಲು ಕಟ್ಟಿದೆ, ಅಭ್ಯಾಸವಿಲ್ಲ ನೋಡಿ. ಉಣ್ಣುವುದಂತೂ ಸರಿಯಾಗಿದೆ. ಪಲ್ಯ ಎಡಗಡೆ ಐತ್ರಿ, ತುಪ್ಪ ಬಲಗಡೆ ಐತ್ರಿ ಎನ್ನುತ್ತೇನೆ, ಹೊಟ್ಟೆ ತುಂಬ ಉಣ್ಣುತ್ತಾರೆ. ಕಾಲು ಹಿಡಿ ಎಂದು ಬರೆದಿದ್ದಿರಿ, ನಾನು ಹಿಡಿಯಲಿಲ್ಲ. ಅಂಥ ತಪ್ಪು ಯಾರದೂ ಇಲ್ಲ. ನೀವು ನೌಕರಿಯ ಮೇಲೆ ಲಕ್ಷ್ಯವಿಟ್ಟು ಇರಿ, ಮೈ ಕಾಯ್ದುಕೊಳ್ಳಿ. ನಿಮ್ಮ ಜೊತೆಯ ಜವಾನರಿಗೆ ನನ್ನ ಶರಣು ತಿಳಿಸಿರಿ. ಮಾವನವರು ನಿಮಗೆ ಬಸವಣ್ಣ ಒಳ್ಳೇದು ಮಾಡಲಿ ಎಂದು ಬರೆಯಲು ಹೇಳಿದ್ದಾರೆ.

ನಿಮ್ಮ
ರೇವವ್ವ

ತಾ.ಕ.: ಸೋಮವಾರ ಮುಂಜಾನೆ ಲಕೋಟೆ ಅಂಟಿಸುವಷ್ಟರಲ್ಲಿ ಮಾವನವರು ಕರೆದರು, ಟಪಾಲಿನವನು ಹೊರಡುವುದರೊಳಗೆ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಕೂಡಿಸಿ ಓದಿಕೊಳ್ಳಿ. ಒಪ್ಪಿದ್ದಾರೆ. ಆಪರೇಷನ್ ಆದ ಮೇಲೆ ಎರಡೂ ಕಣ್ಣು ಕಟ್ಟಿ, ತಲೆ ಅಲುಗಿಸದೆ ಎಷ್ಟೋ ದಿನ ಮಲಗಬೇಕಂತೆ. "ಸುಶೀಲಾ ಬ್ಯಾಡ, ಅಕಿ ಅಳಕೋತ ಕುಂದರತಾಳ. ನೀ ಬಾಜು ಕುಂತು ಮಾತಾಡ್ತೀಯಂದ್ರ ಬರ್ತೀನಿ, ಇಲ್ಲಾಂದ್ರ ಇಲ್ಲ" ಎಂದರು. ಸೊಸೆ ಮಾವನ ಹಾಸಿಗೆಯ ಬದಿಗೆ ಕುಳಿತು ಹಗಲೆಲ್ಲ ಮಾತಾಡಿದಳು ಎಂದು ಅಣ್ಣಿಗೇರಿಗೆ ಸುದ್ದಿ ಹೋಗಿಯೇ ಹೋಗುತ್ತದೆ. ಅಕ್ಕನಿಗೆ ನೀವೇ ಮೊದಲು ಬರೆಯಿರಿ, "ಮಾತಾಡು ಎಂದು ಅವಳಿಗೆ ನಾನೇ ಹೇಳಿದ್ದೇನೆ" ಎಂದು ನಿಮ್ಮ ಕೈಯಿಂದ ಬರೆಯಿರಿ. ನಾನು ಮದುವೆಯಾಗಿ ಬಂದ ಮೇಲೆ ನಿಮ್ಮಲ್ಲಿ ಬೇಡಿದ್ದು ಇದೊಂದೇ. ನೀವು ಬರೆದರೆ ನನಗೆ ಆನೆಯ ಬಲ. ಬರೆಯದಿದ್ದರೂ ಗುರುವಾರ ಮುಂಜಾನೆಯ ಬಸ್ಸಿಗೆ ಅವರನ್ನು ಕರೆದುಕೊಂಡು ಹೋಗುತ್ತೇನೆ, ಕಟ್ಟು ಬಿಚ್ಚುವತನಕ ಮಾತಾಡುತ್ತೇನೆ, ಬಿಚ್ಚಿದ ಮೇಲೂ ನಿಲ್ಲಿಸುವುದಿಲ್ಲ.