ಫಾರಂ ನಲವತ್ತೊಂದು

ಸೆಪ್ಟೆಂಬರ್ 8, ಬೆಳಿಗ್ಗೆ 7
ಮಾನ್ಯ ಅಧ್ಯಕ್ಷರೇ, ವೇದಿಕೆಯ ಗಣ್ಯರೇ, ಎದುರಿಗಿರುವ ಖಾಲಿ ಕುರ್ಚಿಗಳೇ! ತಂಬಾಕು ಸಂಶೋಧನೆಯ ಸರ್ವೇಯವನಾದ ನಾನು ಕೆ.ಆರ್.ಪೇಟೆ ತಾಲ್ಲೂಕಿನ ಸಮಸ್ತ ಬಾಯಿಗಳ ಪರವಾಗಿ ವಂದಿಸುತ್ತೇನೆ. ನಿಯಮ ಸರಳ. ಎಲೆ ಅಡಿಕೆ ಜೊತೆ ಕಡ್ಡಿಪುಡಿ ತಂಬಾಕು ಹಾಕುವವರ ಮನೆಗೆ ತಿಂಗಳಿಗೊಂದು ಭೇಟಿ. ಬಿಟ್ಟವರ ಫಾರಂ ಮುಚ್ಚಬೇಕು, ಮತ್ತೆ ಹೋಗುವಂತಿಲ್ಲ. ಪೊಟ್ಟಣದ ಮೇಲಿನ ಎಚ್ಚರಿಕೆ ಚಿತ್ರ ಎಷ್ಟು ದೊಡ್ಡದಿರಬೇಕು ಅಂತ ಇದನ್ನೆಲ್ಲ ನೋಡಿ ಸರ್ಕಾರ ತೀರ್ಮಾನಿಸುತ್ತದಂತೆ. ಅನುದಾನ ಮಾರ್ಚ್‌ವರೆಗೆ. ಪ್ರಶ್ನೆ ನೂರು, ಉತ್ತರ ಚೂರು.

ಸೆಪ್ಟೆಂಬರ್ 9
ಹೊಸಹೊಳಲು. ಫಾರಂ 41, ಮಂಗಳಮ್ಮ. ಡೇರಿಗೆ ಹಾಲು ಹಾಕುತ್ತಾರೆ. ಗಂಡ ತೀರಿ ಒಂಬತ್ತು ವರ್ಷ. ಬಾಯಿ ಕೆಂಪು, ಮಾತು ತಂಪು. ಫಾರಂ ಹಿಡಿದು ಬಂದವರೆಲ್ಲ ಅವರಿಗೆ ಮೇಷ್ಟ್ರು.
"ಕಡ್ಡಿಪುಡಿ ದಿನಕ್ಕೆಷ್ಟು ಸಲ?"
"ಯಾರ್ ಎಣಿಸ್ಕಂಡ್ ಆಕ್ತಾರೆ ಮೇಷ್ಟ್ರೇ? ನೀವ್ ದಿನಕ್ ಎಷ್ಟ್ ಸಲ ಉಸ್ರಾಡ್ತೀರಿ?"
ನೂರು ಪ್ರಶ್ನೆ ಮುಗಿದೇ ಹೋದವು. ನೂರಾ ಒಂದನೆಯದು ಇದ್ದಿದ್ದರೆ...

ಅಕ್ಟೋಬರ್ 14
ನಾಗಮಂಗಲದ ಕಡೆ ಸರ್ವೇ ಮಾಡುವ ನಿಂಗರಾಜು ಸಿಕ್ಕಿದ್ದ. "ಏನ್ಲಾ, ಮಂಗಳಮ್ಮನ್ ಊರಿಗ್ ಓಗೋ ದಿನ ಮಾತ್ರ ಇಸ್ತ್ರಿ ಷರ್ಟಾ?"
"ಧೂಳು ಕಣ್ಲಾ" ಅಂದೆ.
ಇಸ್ತ್ರಿಗೂ ಧೂಳಿಗೂ ಏನು ಸಂಬಂಧ — ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ನವೆಂಬರ್ 11
ಹೊಸಹೊಳಲು. ಎಮ್ಮೆ ಹಾಲಿನ ಕಾಫಿ. ಫಾರಂ ತುಂಬಿದೆ. ಇವತ್ತಿಗೆ ಇಷ್ಟು ಸಾಕು.

ಫೆಬ್ರವರಿ 20
ಅನುದಾನ ಇನ್ನೆರಡು ವರ್ಷ ಮುಂದುವರಿಸಬೇಕಾದರೆ ಜೊಲ್ಲಿನ ಟೆಸ್ಟ್ ಮಾಡಿ ಫಾರಂ ಜೊತೆ ತಾಳೆ ನೋಡಬೇಕಂತೆ. ಯಾರ್ಯಾರದು ಅಂತ ಚೀಟಿ ಎತ್ತಿದರು. 41 ಕೂಡ ಬಂತು.

ಮಾರ್ಚ್ 3, ಸಂಜೆ 5
41ರ ಜೊಲ್ಲಿನಲ್ಲಿ ತಂಬಾಕಿನ ಸುಳಿವೇ ಇಲ್ಲ.
ಸಂಶೋಧನೆಯ ಮುಖ್ಯಸ್ಥೆ ಪವಿತ್ರ ಮೇಡಂ ಅಂದರು: "ಕಿಟ್ಟೇ ಕೆಟ್ಟಿರಬೇಕು. ನಿಮ್ಮ ಫಾರಂ ತಪ್ಪಾಗಲ್ಲ. ಆ ಬ್ಯಾಚಿನ ಟೆಸ್ಟೆಲ್ಲಾ ತೆಗೆದುಹಾಕೋಣ."
ಹೂಂ ಅಂತ ತಲೆಯಾಡಿಸಿದೆ.

ಮಾರ್ಚ್ 4, ಬೆಳಿಗ್ಗೆ 6
ಮಾನ್ಯ ಅಧ್ಯಕ್ಷರೇ, ಕೆಟ್ಟ ಕಿಟ್ಟಿನ ಕುರಿತು ಎರಡು ಮಾತು... ಇಲ್ಲ. ಅಧ್ಯಕ್ಷರೂ ಇಲ್ಲ, ಕುರ್ಚಿಗಳೂ ಇಲ್ಲ. ಕಿಟ್ಟು ಕೆಟ್ಟಿಲ್ಲ.
ನವೆಂಬರ್ ಹನ್ನೊಂದರಂದು ಮಂಗಳಮ್ಮ ಕಡ್ಡಿಪುಡಿ ಡಬ್ಬಿ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದರು. "ಬುಟ್ಬುಟ್ಟೆ ಮೇಷ್ಟ್ರೇ. ನೀವ್ ತಿಂಗ್ಳು ತಿಂಗ್ಳು ಬಂದ್ ಕೇಳಿದ್ಕೇ ಬುಟ್ಟಿದ್ದು. ಬರ್ಕಳಿ" ಅಂದರು. ಎಂದೂ ಇಲ್ಲದ ನಗು ಮುಖದಲ್ಲಿ.
ಬರೆದಿದ್ದರೆ ಡಿಸೆಂಬರಿನಲ್ಲಿ ಹೋಗುವಂತಿರಲಿಲ್ಲ. 'ಹಾಕುತ್ತಾರೆ' ಅನ್ನುವುದಕ್ಕೆ ಟಿಕ್ ಹಾಕಿದೆ. ಆಮೇಲಿನ ಮೂರು ತಿಂಗಳು ಪ್ರಶ್ನೆ ಕೇಳಲೇ ಇಲ್ಲ. ಕಾಫಿ ಕುಡಿದೆ, ಎಮ್ಮೆ ವಿಚಾರ ಕೇಳಿದೆ, ಬೈಕಿನ ಮೇಲೆ ಕೂತು ಟಿಕ್ ಹಾಕಿದೆ.
ಹತ್ತಕ್ಕೆ ಮೇಡಂಗೆ ಹೇಳುತ್ತೇನೆ. ಕೆಲಸ ಹೋಗುತ್ತದೆ, ಹೋಗಲಿ. ಆದರೆ ಕೈಯಲ್ಲಿ ಫಾರಂ ಇಲ್ಲದೆ ಹೊಸಹೊಳಲಿನ ಆ ಬಾಗಿಲಲ್ಲಿ ನಿಂತು ಏನಂತ ಕೇಳಲಿ—